ಅವರ ಉಪವಾಸದ ದಿನ, ನಮ್ಮ ಊಟದ ದಿನ

ಜಪಾನಿನ ಯಾವುದೇ ಸಾಮಾನ್ಯ ಹೋಟೆಲಿನಲ್ಲಿ ಊಟದ ಜೊತೆ ಒಂದು ಬಟ್ಟಲು ಮಿಸೋ ಸೂಪು ಬರುತ್ತದೆ. ಕಂದು ಬಣ್ಣದ ಬಿಸಿ ರಸ, ಅದರಲ್ಲಿ ನಾಲ್ಕು ತುಂಡು ತೋಫು, ಒಂದಿಷ್ಟು ಕಡಲಪಾಚಿ, ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು. ನೋಡಿದರೆ ಇದಕ್ಕಿಂತ ಶುದ್ಧ ಸಸ್ಯಾಹಾರ ಇರಲಾರದು ಅನ್ನಿಸುತ್ತದೆ. ಆದರೆ ಆ ರಸ ಬರೀ ನೀರಿನಲ್ಲಿ ಆದದ್ದಲ್ಲ. ಕಟ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಹರಿತವಾದ ಅಲಗಿನಲ್ಲಿ ತೆಳ್ಳಗೆ ಹೆರೆದು, ಆ ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸುತ್ತಾರೆ. ಹಾಗೆ ಸೋಸಿದ 'ದಾಶಿ'ಯೇ ಸೂಪಿನ ತಳ. ಬಡಿಸಿದವರು ಮೋಸ ಮಾಡಿದರು ಎಂದುಕೊಳ್ಳಬಾರದು. ಅವರ ಲೆಕ್ಕದಲ್ಲಿ ಅದು ಮೀನಿನ ಅಡುಗೆಯೇ ಅಲ್ಲ.

ಪರದೇಶಕ್ಕೆ ಹೊರಟ ಸಸ್ಯಾಹಾರಿ ಮೊದಲು ತಿಳಿಯಬೇಕಾದದ್ದು ಇದನ್ನೇ. ತಟ್ಟೆಯಲ್ಲಿರುವ ತುಂಡನ್ನು ಕಣ್ಣು ಹಿಡಿಯುತ್ತದೆ, ತಳದಲ್ಲಿರುವ ರಸವನ್ನು ಹಿಡಿಯುವುದಿಲ್ಲ. ಥಾಯ್ಲೆಂಡಿನ ಹಸಿ ಪಪ್ಪಾಯಿ ಸಲಾಡಿನಲ್ಲಿ ಮೀನಿನ ಸಾಸೂ ಒಣ ಸಿಗಡಿಯೂ ಇರುತ್ತವೆ. ಅಲ್ಲಿನ ಕರಿ ಮಸಾಲೆಯಲ್ಲಿ ಸಿಗಡಿಯ ಹಿಂಡಿ ಸೇರಿರುತ್ತದೆ. ಕೊರಿಯಾದ ಕಿಮ್ಚಿಗೆ ಉಪ್ಪಿನಲ್ಲಿ ಹಾಕಿಟ್ಟ ಸಿಗಡಿ ಬೀಳುತ್ತದೆ. ಫ್ರಾನ್ಸಿನ ಈರುಳ್ಳಿ ಸೂಪಿಗೆ ದನದ ಮೂಳೆಯ ರಸ, ಮೆಕ್ಸಿಕೋದ ಬೇಯಿಸಿ ಹಿಸುಕಿದ ಹುರುಳಿಕಾಯಿ ಬೀಜಕ್ಕೆ ಎಷ್ಟೋ ಕಡೆ ಹಂದಿಯ ಕೊಬ್ಬು. ಇಟಲಿಯ ಪಾರ್ಮೆಸಾನ್ ಚೀಸಿನ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಅಸಲಿ ಪಾರ್ಮಿಜಾನೊ ರೆಜ್ಜಾನೊ ಎನಿಸಿಕೊಳ್ಳಲು ಅದನ್ನೇ ಬಳಸಬೇಕೆಂಬ ನಿಯಮವೂ ಇದೆ.

ಇದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಎಲ್ಲರಿಗೂ ಗೊತ್ತು. ಸೂಟ್‌ಕೇಸಿನ ಅರ್ಧದಲ್ಲಿ ಚಟ್ನಿಪುಡಿ, ಅವಲಕ್ಕಿ, ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣಗಳು. ಪ್ರವಾಸ ಏರ್ಪಡಿಸುವವರ ಜಾಹೀರಾತಿನಲ್ಲಿ ಜಾಗದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಪ್ರತಿ ರಾತ್ರಿ ಭಾರತೀಯ ಊಟ'. ವಯಸ್ಸಾದ ಅಪ್ಪ ಅಮ್ಮನನ್ನು, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಬೇಕು. ಬೇಡ ಎನ್ನಲಾರೆ. ಆದರೆ ಗಟ್ಟಿಮುಟ್ಟಾಗಿರುವವರು ಹನೋಯ್‌ವರೆಗೆ ಹೋಗಿ ದಿನವೂ ಪನೀರ್ ಬಟರ್ ಮಸಾಲ ತಿಂದು ಬಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕಿಂತ ಎಷ್ಟೋ ಒಳ್ಳೆಯ ಸಸ್ಯಾಹಾರ, ಶತಮಾನಗಳಿಂದ ಪಳಗಿದ ಕೈಗಳಲ್ಲಿ ಆದದ್ದು, ಪಕ್ಕದ ಬೀದಿಯಲ್ಲೇ ಅಗ್ಗಕ್ಕೆ ಸಿಗುತ್ತಿರುತ್ತದೆ. ಹಾಲು, ತುಪ್ಪಗಳನ್ನೂ ಬಿಟ್ಟ ವೀಗನ್ನರಿಗಂತೂ ಈ ಭಾರತೀಯ ಊಟದಿಂದ ಪ್ರಯೋಜನವೇ ಇಲ್ಲ, ಅದರಲ್ಲಿ ಅರ್ಧಕ್ಕರ್ಧ ಕೆನೆ ಮತ್ತು ಬೆಣ್ಣೆ.

ಹಾಗಾಗಿ ಹೋದ ಊರಿನಲ್ಲಿ 'ಸಸ್ಯಾಹಾರ ಸಿಗುತ್ತದೆಯೇ' ಎಂದು ಕೇಳುವುದಕ್ಕಿಂತ 'ನಿಮ್ಮಲ್ಲಿ ವ್ರತ ಹಿಡಿದವರು ಏನು ಉಣ್ಣುತ್ತಾರೆ' ಎಂದು ಕೇಳುವುದು ಮೇಲು. ಮಾಂಸವನ್ನೇ ನೆಚ್ಚಿದ ನಾಡುಗಳಲ್ಲೂ ಅದನ್ನು ಬಿಡುವ ದಿನಗಳಿರುತ್ತವೆ. ಆ ದಿನಗಳಿಗೆಂದೇ ಬೆಳೆದ ಅಡುಗೆ ಇರುತ್ತದೆ. ಅದನ್ನು ಮಾಡುವವರಿಗೆ ಏನು ಹಾಕಬಾರದು ಎಂದು ನಾವು ಹೇಳಿಕೊಡಬೇಕಾಗಿಲ್ಲ, ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು.

ನಮ್ಮಲ್ಲಿಯೇ ನೋಡಿ. ಉಡುಪಿಯ ಮಠಗಳಲ್ಲಿ, ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಶಾಕವ್ರತದಲ್ಲಿ ತರಕಾರಿ ಇಲ್ಲ, ದಧಿವ್ರತದಲ್ಲಿ ಮೊಸರಿಲ್ಲ, ಕ್ಷೀರವ್ರತದಲ್ಲಿ ಹಾಲಿಲ್ಲ, ದ್ವಿದಳವ್ರತದಲ್ಲಿ ಬೇಳೆಕಾಳಿಲ್ಲ. ಇಷ್ಟೆಲ್ಲ ಬಿಟ್ಟ ಮೇಲೆ ಉಣ್ಣುವುದೇನು ಎಂದು ಹೊರಗಿನವರಿಗೆ ಅನ್ನಿಸಬಹುದು. ಉಂಡವರಿಗೆ ಗೊತ್ತು. ಹುಣಸೆ, ಮೆಣಸಿನಕಾಯಿ ದೂರವಾದ ತಿಂಗಳಲ್ಲಿ ಕಾಳುಮೆಣಸು, ಜೀರಿಗೆ, ಮಾವಿನ ಹುಳಿ ಸೇರಿ ಬೇರೆಯದೇ ಒಂದು ರುಚಿ ಹುಟ್ಟುತ್ತದೆ. ಅಡುಗೆಯವರ ಕೈ ಕಟ್ಟಿದಾಗಲೇ ಅಡುಗೆ ಬೆಳೆದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದೇ ಮಾತು ಜಗತ್ತಿನ ಉಳಿದ ಕಡೆಗೂ ಸಲ್ಲುತ್ತದೆ.

ನನ್ನ ಮಟ್ಟಿಗೆ ಇದರಲ್ಲಿ ಮೊದಲ ಸ್ಥಾನ ಇಥಿಯೋಪಿಯಾಕ್ಕೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಹೆಚ್ಚುಕಡಿಮೆ ಅರ್ಧ ದಿನಗಳನ್ನು ವ್ರತದಲ್ಲಿ ಕಳೆಯುತ್ತಾರೆ. ವಾರದಲ್ಲಿ ಬುಧವಾರ ಮತ್ತು ಶುಕ್ರವಾರ, ಈಸ್ಟರ್‌ಗೆ ಮುಂಚೆ 55 ದಿನಗಳ ದೊಡ್ಡ ಉಪವಾಸ, ಅದಲ್ಲದೆ ಇನ್ನೂ ಹಲವು. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಅಂದರೆ ವೀಗನ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಒಂದು ಇಡೀ ಸಮುದಾಯ ವಾರಕ್ಕೆರಡು ದಿನ ಹಾಗೆ ಉಂಡಿದೆ. ಆಡಿಸ್ ಅಬಾಬಾದ ಸಾದಾ ಹೋಟೆಲಿಗೆ ಹೋಗಿ 'ಬೆಯಾಯ್ನೆತು' ಕೇಳಿದರೆ ಸಾಕು, ಆ ಊಟ ಬರುತ್ತದೆ.

ಅಗಲವಾದ ತಟ್ಟೆ. ಅದರ ತುಂಬ ಹಾಸಿದ ಇಂಜೆರಾ. ಟೆಫ್ ಎಂಬ ಧಾನ್ಯ ನಮ್ಮ ರಾಗಿಗಿಂತಲೂ ಸಣ್ಣದು. ಅದರ ಹಿಟ್ಟನ್ನು ಕಲಸಿ ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಹೊರಗಿನ ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸುತ್ತಾರೆ. ಮೇಲ್ಮೈ ತುಂಬ ಸಣ್ಣ ಸಣ್ಣ ಕಣ್ಣು ಬೀಳುತ್ತವೆ, ನಮ್ಮ ಸೆಟ್ ದೋಸೆಯಂತೆ. ಆದರೆ ಅದಕ್ಕಿಂತ ತೆಳು, ಮೆತ್ತಗೆ, ಹುಳಿ. ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಬಡಿಸುತ್ತಾರೆ. ಬೆರ್ಬೆರೆ ಎಂಬ ಖಾರದ ಪುಡಿಯಲ್ಲಿ ಬೆಂದ ಕೆಂಪು ಮಸೂರ್ ಬೇಳೆ ಮಿಸಿರ್ ವೊಟ್. ಅರಿಶಿನ ಹಾಕಿದ ಹಳದಿ ಬಟಾಣಿ ಬೇಳೆ ಕಿಕ್ ಅಲಿಚಾ, ಇದರಲ್ಲಿ ಖಾರವಿಲ್ಲ. ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು ಗೊಮೆನ್. ಎಲೆಕೋಸು, ಕ್ಯಾರೆಟ್, ಆಲೂಗಡ್ಡೆಯ ಪಲ್ಯ. ಒಂದು ಬದಿಗೆ ಹಸಿಮೆಣಸು ಹಾಕಿದ ಟೊಮೆಟೊ ಹೋಳುಗಳು. ನಡುವೆ, ಇನ್ನೂ ಕುದಿಯುತ್ತಲೇ ಇರುವ ಪುಟ್ಟ ಮಡಕೆಯಿಂದ ಸುರಿಯುವ ಶಿರೊ. ಇದು ಕಡಲೆಯ, ಇಲ್ಲವೇ ಅಂಥದೇ ಬೇರೆ ಕಾಳಿನ ಹುರಿದ ಹಿಟ್ಟನ್ನು ಮಸಾಲೆಯ ಜೊತೆ ಕುದಿಸಿ ಮಾಡಿದ ಗಟ್ಟಿ ಗೊಜ್ಜು. ಉತ್ತರ ಕರ್ನಾಟಕದ ಝುಣಕ ತಿಂದು ಬೆಳೆದವರಿಗೆ ಅದರ ರುಚಿ ಪರಿಚಯ ಮಾಡಿಸಬೇಕಾಗಿಲ್ಲ.

ಚಮಚವಿಲ್ಲ. ಬಲಗೈಯಲ್ಲಿ ಇಂಜೆರಾ ಹರಿದು, ಅದರಲ್ಲೇ ಬಾಚಿ ತಿನ್ನುವುದು. ಒಂದೇ ತಟ್ಟೆಗೆ ಮೂರು ನಾಲ್ಕು ಜನ ಕೂರುತ್ತಾರೆ. ಜೊತೆಗಿರುವವರ ಬಾಯಿಗೆ ಪ್ರೀತಿಯಿಂದ ಒಂದು ತುತ್ತು ಇಡುವ ರೂಢಿಯೂ ಇದೆ, ಅದಕ್ಕೆ ಗುರ್ಶಾ ಎನ್ನುತ್ತಾರೆ. ಬೇಡ ಅನ್ನಬಾರದು. ಕೊನೆಗೆ ಎಲ್ಲ ಸಾರುಗಳ ರಸವನ್ನೂ ಹೀರಿಕೊಂಡ ತಳದ ಇಂಜೆರಾ ಉಳಿಯುತ್ತದೆ. ಇಡೀ ಊಟದಲ್ಲಿ ಎಲ್ಲಕ್ಕಿಂತ ರುಚಿ ಅದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇದೇ ಶಿರೊವನ್ನು ವ್ರತವಿಲ್ಲದ ದಿನ ಮಸಾಲೆ ಹಾಕಿ ಕಾಯಿಸಿದ ತುಪ್ಪದಲ್ಲಿ ಮಾಡುವುದುಂಟು, ಮಾಂಸದ ಚೂರು ಸೇರಿಸುವುದೂ ಉಂಟು. ಮಂಗಳವಾರ ಹೋಗಿ ಬರೀ 'ಮಾಂಸ ಬೇಡ' ಎಂದರೆ ತುಪ್ಪದ ಶಿರೊ ಬಂದೀತು. 'ಯೆ-ತ್ಸೋಮ್', ಅಂದರೆ ವ್ರತದ್ದು, ಎಂದು ಸೇರಿಸಿ ಕೇಳಿದರೆ ಎಣ್ಣೆಯಲ್ಲಿ ಆದದ್ದು ಬರುತ್ತದೆ.

ಪೂರ್ವ ಏಷ್ಯಾದ ಕಥೆ ಬೇರೆ. ಅಲ್ಲಿಯ ಸಸ್ಯಾಹಾರ ಬಂದದ್ದು ಬೌದ್ಧ ವಿಹಾರಗಳಿಂದ. ನಮ್ಮ ನೆಲದಲ್ಲಿ ಭಿಕ್ಷುಗಳು ಪಾತ್ರೆ ಹಿಡಿದು ಹೋಗಿ, ಗೃಹಸ್ಥರು ಹಾಕಿದ್ದನ್ನು ಉಣ್ಣುತ್ತಿದ್ದರು. ಚೀನಾದಲ್ಲಿ ವಿಹಾರಗಳು ತಾವೇ ಒಲೆ ಹೂಡಿದವು. 502ರಿಂದ 549ರವರೆಗೆ ಆಳಿದ ಲಿಯಾಂಗ್ ವಂಶದ ವೂ ಚಕ್ರವರ್ತಿ ತಾನೂ ಮಾಂಸ ಬಿಟ್ಟು, ಭಿಕ್ಷುಗಳೂ ಬಿಡಬೇಕೆಂದು ಪಟ್ಟು ಹಿಡಿದ. ಆಮೇಲೆ ಅದೇ ಅಲ್ಲಿನ ಶಿಸ್ತಾಯಿತು. ಚೀನೀ ಅಡುಗೆಯಲ್ಲಿ ಹಾಲಿಗೆ ಮೊದಲಿನಿಂದಲೂ ಅಂಥ ಜಾಗವಿರಲಿಲ್ಲ. ಹೀಗಾಗಿ ವಿಹಾರದ ಅಡುಗೆ ಯಾರೂ ಬಯಸದೆಯೇ ಹಾಲಿಲ್ಲದ ಅಡುಗೆಯೂ ಆಯಿತು. ನಮ್ಮ ಸಸ್ಯಾಹಾರ ಹಸುವನ್ನು ನೆಚ್ಚಿಕೊಂಡಿತು, ಅವರದು ಸೋಯಾ ಕಾಳನ್ನು. ತೋಫು, ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆಯನ್ನು ಒಣಗಿಸಿದ ಹಾಳೆಗಳು, ಗೋಧಿಹಿಟ್ಟಿನ ಮುದ್ದೆಯನ್ನು ತೊಳೆದು ತೊಳೆದು ಉಳಿಸಿಕೊಂಡ ಅಂಟು, ಎಲ್ಲವೂ ಆ ಒಲೆಗಳಲ್ಲಿ ಪಳಗಿದವು. ಈರುಳ್ಳಿ, ಬೆಳ್ಳುಳ್ಳಿಗಳೂ ನಿಷಿದ್ಧವಾದ್ದರಿಂದ ನಮ್ಮ ಜೈನರಿಗೂ ಮಡಿವಂತರಿಗೂ ಅರ್ಧ ಕಷ್ಟ ಅಲ್ಲೇ ಕಳೆಯಿತು. ಜೈನರು ಗೆಡ್ಡೆಗೆಣಸಿನ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕಾಗುತ್ತದೆ.

ವಿಯೆಟ್ನಾಂನಲ್ಲಿ ಇದಕ್ಕೆ 'ಚಾಯ್' ಎನ್ನುತ್ತಾರೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ, ಉಳಿದ ದಿನ ಮೀನು ಮಾಂಸ ತಿನ್ನುವವರೂ ಚಾಯ್ ಉಣ್ಣುತ್ತಾರೆ. ಅವತ್ತು ಬೀದಿ ಬದಿಯ ಗಾಡಿಗಳಲ್ಲೂ ಅದೇ. ಬೌದ್ಧ ವಿಹಾರಗಳ ನಗರ ಹುಯೆ ಇದಕ್ಕೆ ವಿಶೇಷವಾಗಿ ಹೆಸರಾದದ್ದು. 'ಕ್ವಾನ್ ಚಾಯ್' ಎಂಬ ಫಲಕವಿರುವ ಅಂಗಡಿಯಲ್ಲಿ ಫೋ ಸೂಪಿನ ರಸವನ್ನು ಮೂಲಂಗಿ, ಅಣಬೆ, ಮೆಕ್ಕೆಜೋಳ, ಚಕ್ಕೆ, ಅನಾನಸ್ ಹೂವಿನಲ್ಲಿ ತೆಗೆಯುತ್ತಾರೆ. ಮೀನಿನ ಸಾಸಿನ ಬದಲು ಸೋಯಾ ಸಾಸು. ಬ್ಯಾನ್ ಮೀ ಎಂಬ ಬ್ರೆಡ್ಡಿನ ತಿನಿಸು ಕೊಳ್ಳುವಾಗ ಮಾತ್ರ ವೀಗನ್ನರು ಮೊಟ್ಟೆಯ ಮೇಯೊನೇಸ್ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಥಾಯ್ಲೆಂಡಿನಲ್ಲಿ ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದ ಪತಾಕೆ ಕಂಡರೆ ಅಲ್ಲಿ 'ಜೇ' ಊಟ ಎಂದರ್ಥ. ಮೊಟ್ಟೆ, ಹಾಲು, ಮೀನಿನ ಸಾಸು ಯಾವುದೂ ಇರುವುದಿಲ್ಲ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಫುಕೆಟ್ ಊರಿಗೆ ಊರೇ ಈ ವ್ರತ ಹಿಡಿಯುತ್ತದೆ. 2023ರಲ್ಲೂ 2024ರಲ್ಲೂ ಅದು ಆರಂಭವಾದದ್ದು ನಮ್ಮ ನವರಾತ್ರಿಯ ಮೊದಲ ದಿನವೇ. ಎರಡೂ ಅಮಾವಾಸ್ಯೆಯನ್ನೇ ಹಿಡಿದು ಲೆಕ್ಕ ಹಾಕುವುದರಿಂದ ಅಧಿಕಮಾಸದ ವ್ಯತ್ಯಾಸ ಬೀಳದ ವರ್ಷಗಳಲ್ಲಿ ಹೀಗೆ ಕೂಡಿ ಬರುತ್ತವೆ. ದಸರೆ ರಜೆಯಲ್ಲಿ ಆ ಕಡೆ ಹೋಗುವವರು ದಿನ ನೋಡಿಕೊಂಡರೆ ಊಟದ ಚಿಂತೆಯೇ ಇರುವುದಿಲ್ಲ.

ಇನ್ನು ಜಪಾನ್. ಮೀನಿನ ರಸ ಬಿಟ್ಟು ಅಲ್ಲಿ ಬದುಕುವುದು ಹೇಗೆ ಎಂಬುದಕ್ಕೆ ಅವರೇ ಉತ್ತರ ಕಂಡುಕೊಂಡಿದ್ದಾರೆ. ಬೌದ್ಧ ವಿಹಾರಗಳ 'ಶೋಜಿನ್' ಅಡುಗೆಯಲ್ಲಿ ದಾಶಿ ಆಗುವುದು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯಿಂದ. ಇದು ಮೀನಿಲ್ಲದ ಕೊರತೆಯನ್ನು ಹೇಗೋ ತುಂಬಿಕೊಂಡದ್ದಲ್ಲ. ಕೊಂಬುವಿನಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ನಾಲಿಗೆಗೆ ಉಮಾಮಿ ಎಂಬ ರುಚಿ ಕೊಡುವುದು ಅದೇ ಎಂದು ಕಿಕುನಾಯೆ ಇಕೆಡಾ ಎಂಬ ವಿಜ್ಞಾನಿ 1908ರಲ್ಲಿ ಬೇರ್ಪಡಿಸಿ ತೋರಿಸಿದ್ದು ಇದೇ ಪಾಚಿಯಿಂದ. ಒಣ ಅಣಬೆಯಲ್ಲಿರುವ ಮತ್ತೊಂದು ಅಂಶ ಅದರ ಜೊತೆ ಸೇರಿದಾಗ ರುಚಿ ಹಲವು ಪಟ್ಟು ಏರುತ್ತದೆ. ಈ ರಸಾಯನ ತಿಳಿಯುವುದಕ್ಕೆ ನೂರಾರು ವರ್ಷ ಮೊದಲೇ ಸನ್ಯಾಸಿಗಳಿಗೆ ಅದು ಕೈಹತ್ತಿತ್ತು. ಝೆನ್ ಗುರು ಡೋಗೆನ್ 1237ರಲ್ಲಿ ವಿಹಾರದ ಬಾಣಸಿಗನಿಗೆಂದೇ ಒಂದು ಗ್ರಂಥ ಬರೆದ. ತಾನು ಚೀನಾದಲ್ಲಿ ಕಂಡ ಒಬ್ಬ ಮುದಿ ಸನ್ಯಾಸಿಯನ್ನು ಅದರಲ್ಲಿ ನೆನೆಯುತ್ತಾನೆ. ಆ ಮುದುಕ ಉರಿಬಿಸಿಲಿನಲ್ಲಿ ಬೆನ್ನು ಬಾಗಿಸಿ ಅಣಬೆ ಒಣಗಿಸುತ್ತಿದ್ದನಂತೆ, ಬೇರೆ ಯಾರಿಗೂ ಆ ಕೆಲಸ ಬಿಟ್ಟುಕೊಡಲು ಒಪ್ಪದೆ.

ವಕಾಯಾಮಾ ಪ್ರಾಂತದ ಕೋಯಾ ಬೆಟ್ಟದಲ್ಲಿ ಈ ಊಟವನ್ನು ಅದರ ಮನೆಯಲ್ಲೇ ಉಣ್ಣಬಹುದು. ಚಕ್ರವರ್ತಿ 816ರಲ್ಲಿ ಕೂಕೈ ಎಂಬ ಗುರುವಿಗೆ ಕೊಟ್ಟ ಬೆಟ್ಟ ಅದು. ಇವತ್ತಿಗೂ ಅಲ್ಲಿನ ಹಲವಾರು ವಿಹಾರಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಸಂಜೆಯ ಹೊತ್ತಿಗೇ ಊಟ. ಕಿರುಮಣೆಯಂಥ ಕೆಂಪು, ಕಪ್ಪು ತಟ್ಟೆಗಳಲ್ಲಿ ಪುಟ್ಟ ಪುಟ್ಟ ಬಟ್ಟಲು. ಅವುಗಳಲ್ಲಿ ಗೋಮಾ-ದೋಫುವನ್ನು ಬಿಡಬೇಡಿ. ಹೆಸರಿನಲ್ಲಿ ತೋಫು ಇದ್ದರೂ ಅದರಲ್ಲಿ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಹಾಲು ಹಿಂಡಿ, ಕುಜು ಬಳ್ಳಿಯ ಬೇರಿನ ಪಿಷ್ಟ ಸೇರಿಸಿ, ಕೈಬಿಡದೆ ತಿರುವುತ್ತಾ ಕಾಯಿಸಿ ತಣಿಸಿದ ಗಟ್ಟಿ. ನಮ್ಮ ರಾಗಿ ಹಾಲುಬಾಯಿ ಮಾಡಿ ತೋಳು ನೋಯಿಸಿಕೊಂಡವರಿಗೆ ಆ ಕೆಲಸ ಎಂಥದೆಂದು ಗೊತ್ತಾಗುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ತೋಫುವಿಗೆ ಈ ಬೆಟ್ಟದ ಹೆಸರೇ ಇದೆ, ಕೋಯಾ-ದೋಫು. ಬೆಟ್ಟದಿಂದ ಇಳಿದ ಮೇಲೆ ತರಕಾರಿ ಟೆಂಪುರಾ ಕೊಂಡರೂ ಅದ್ದಿಕೊಳ್ಳುವ ರಸದಲ್ಲಿ ಮತ್ತೆ ಮೀನು. ಉಪ್ಪು ಹಚ್ಚಿಕೊಂಡು ತಿನ್ನಬಹುದು, ಅಲ್ಲಿನವರೂ ಹಾಗೆ ತಿನ್ನುವುದುಂಟು.

ಗ್ರೀಸಿನಲ್ಲಿ ಕೇಳಬೇಕಾದ ಮಾತು 'ನಿಸ್ತೀಸಿಮೊ'. ಈಸ್ಟರಿಗೆ ಮುಂಚಿನ ದೀರ್ಘ ವ್ರತದಲ್ಲಿ ಬೇಕರಿಗಳಲ್ಲೂ ಈ ಫಲಕ ಕಾಣಿಸುತ್ತದೆ. ಆದರೆ ಅವರ ವ್ರತದ ಲೆಕ್ಕದಲ್ಲಿ ರಕ್ತವಿಲ್ಲದ ಜೀವಿಗಳಿಗೆ ಅಡ್ಡಿಯಿಲ್ಲ. ಹಾಗಾಗಿ ಅದೇ ಪಟ್ಟಿಯಲ್ಲಿ ಸ್ಕ್ವಿಡ್, ಅಷ್ಟಪದಿ, ಸಿಗಡಿಗಳೂ ಇರುತ್ತವೆ. ಅದನ್ನು ಬಿಡಿಸಿ ಹೇಳಿದರೆ ಉಳಿದದ್ದು ನಿರಾಳ. ಆಲಿವ್ ಎಣ್ಣೆಯಲ್ಲಿ ಟೊಮೆಟೊ ಜೊತೆ ಮೆತ್ತಗೆ ಬೆಂದ ಹುರುಳಿಕಾಯಿ, ಒಲೆಯಲ್ಲಿಟ್ಟು ಬೇಯಿಸಿದ ದಪ್ಪ ಬಿಳಿ ಅವರೆ, ನಿಂಬೆ ಹಿಂಡಿದ ಕಾಡುಸೊಪ್ಪು, ಪಾಲಕ್ ಅನ್ನ. ರೊಮೇನಿಯಾದಲ್ಲಿ ಇದೇ ವ್ರತದ ತಿನಿಸಿಗೆ 'ದೆ ಪೋಸ್ಟ್' ಎಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

ವ್ರತದ ಅಡುಗೆ ಕೈಗೆ ಸಿಗದ ಕಡೆ ದುಡಿಯುವವರ ಊಟ ಹುಡುಕಬೇಕು. ಕೈರೋದ ಬೀದಿಯಲ್ಲಿ ಕೂಲಿಯವರೂ ವಿದ್ಯಾರ್ಥಿಗಳೂ ತಿನ್ನುವ ಕೊಶರಿಯಲ್ಲಿ ಅನ್ನ, ಮಸೂರ್, ಮ್ಯಾಕರೋನಿ, ಕಡಲೆ, ಟೊಮೆಟೊ ಸಾರು, ಮೇಲೆ ಕರಿದ ಈರುಳ್ಳಿ. ಹೊಟ್ಟೆ ತುಂಬುತ್ತದೆ, ಜೇಬಿಗೂ ಭಾರವಲ್ಲ. ಬೆಳಗಿನ ಹೊತ್ತು ಬೇಯಿಸಿ ಹಿಸುಕಿದ ಬಾಕಳ ಕಾಳಿನ ಫೂಲ್. ಇಟಲಿಯಲ್ಲೂ ಹಳ್ಳಿಗರ ಪಾಸ್ತಾ-ಕಡಲೆ ಹೀಗೆಯೇ, ಚೀಸು ಉದುರಿಸಬೇಡಿ ಎಂದರಾಯಿತು. ಯುರೋಪಿನ ಅಂಗಡಿಗಳಲ್ಲಿ ಪೊಟ್ಟಣ ಕೊಳ್ಳುವಾಗ ಒಂದು ಅನುಕೂಲವಿದೆ. ಹಾಲು, ಮೊಟ್ಟೆ, ಮೀನು, ಸಿಗಡಿ ಸೇರಿದಂತೆ 14 ಅಲರ್ಜಿಕಾರಕಗಳನ್ನು ಎದ್ದು ಕಾಣುವ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬುದು ಐರೋಪ್ಯ ಒಕ್ಕೂಟದ ಕಾನೂನು. ಭಾಷೆ ಬಾರದಿದ್ದರೂ ಆ ಪದಗಳನ್ನು ಮೊದಲೇ ಕಲಿತರೆ ಸಾಕು. ಆದರೆ ಜಿಲಾಟಿನ್, ಮಾಂಸದ ಕೊಬ್ಬು ಆ ಪಟ್ಟಿಯಲ್ಲಿಲ್ಲ. ಅವನ್ನು ಹುಡುಕಿಯೇ ನೋಡಬೇಕು.

ವಿಮಾನದ ಊಟದ ಬಗ್ಗೆ ಎರಡು ಮಾತು, ಏಕೆಂದರೆ ಇಲ್ಲಿ ಎಡವುವವರು ಬಹಳ. 'ಹಿಂದೂ ಊಟ' ಎಂಬ ಎಚ್‌ಎನ್‌ಎಂಎಲ್ ಸಂಕೇತ ನೋಡಿ ಸಸ್ಯಾಹಾರ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ದನದ ಮಾಂಸವಿಲ್ಲದ ಮಾಂಸಾಹಾರ. ನಮ್ಮ ಬಗೆಯ ಸಸ್ಯಾಹಾರಕ್ಕೆ ಎವಿಎಂಎಲ್, ವೀಗನ್ನರಿಗೆ ವಿಜಿಎಂಎಲ್, ಜೈನರಿಗೆ ವಿಜೆಎಂಎಲ್. ಟಿಕೆಟ್ ಕೊಂಡಾಗಲೇ ಆರಿಸಿಬಿಡುವುದು ಒಳ್ಳೆಯದು. ವಿಮಾನ ಹತ್ತಿದ ಮೇಲೆ ಕೇಳಿದರೆ ಸಿಗುವ ಭರವಸೆಯಿಲ್ಲ.

ಪ್ರಯಾಣದಲ್ಲಿರಲಿ ಮನೆಯಲ್ಲಿರಲಿ, ಹಾಲನ್ನೂ ಬಿಟ್ಟವರು ಒಂದು ವಿಷಯದಲ್ಲಿ ಮಾತ್ರ ಉದಾಸೀನ ಮಾಡಕೂಡದು. ಅದು ಬಿ12. ಈ ಜೀವಸತ್ವವನ್ನು ಗಿಡಗಳು ತಯಾರಿಸುವುದಿಲ್ಲ, ತಯಾರಿಸುವುದು ಬ್ಯಾಕ್ಟೀರಿಯಾ. ಮಾಂಸ, ಮೊಟ್ಟೆ, ಹಾಲುಗಳ ಮೂಲಕ ಅದು ಮನುಷ್ಯರಿಗೆ ಬರುತ್ತದೆ. ದಿನಕ್ಕೆ ಬೇಕಾಗುವುದು ಎರಡೂವರೆ ಮೈಕ್ರೋಗ್ರಾಂ ಆಸುಪಾಸು, ಅಷ್ಟೇ. ಆದರೆ ಅದಿಲ್ಲದಿದ್ದರೆ ರಕ್ತ ಕುಗ್ಗುತ್ತದೆ, ಪಾದ ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ, ನರಗಳಿಗೆ ಆದ ಹಾನಿ ಕೆಲವೊಮ್ಮೆ ಮರಳಿ ಸರಿಹೋಗುವುದೂ ಇಲ್ಲ. ಯಕೃತ್ತು ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿಟ್ಟಿರುವುದರಿಂದ ಹಾಲು ಬಿಟ್ಟ ಮೊದಲ ಕೆಲವು ವರ್ಷ ಏನೂ ಗೊತ್ತಾಗುವುದಿಲ್ಲ. 'ನಾನು ಚೆನ್ನಾಗಿಯೇ ಇದ್ದೇನಲ್ಲ' ಎಂಬ ಧೈರ್ಯ ಅಲ್ಲಿಂದ ಬರುತ್ತದೆ. ಹುಳಿ ಬಂದ ಹಿಟ್ಟು, ಸ್ಪಿರುಲಿನಾ ಇವುಗಳನ್ನು ಇದಕ್ಕಾಗಿ ನಂಬಬಾರದು. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಸುಣ್ಣದಂಶಕ್ಕೆ ರಾಗಿ, ಎಳ್ಳು ನಮ್ಮಲ್ಲೇ ಇವೆ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿಯುವುದು ಬಿಟ್ಟು ನಿಂಬೆಹುಳಿ ಹಿಂಡಿಕೊಂಡರೆ ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹತ್ತುತ್ತದೆ.

ವೀಗನ್ ಒಬ್ಬರಿಗೆ ಆಡಿಸ್ ಅಬಾಬಾಕ್ಕಿಂತ ಬೆಂಗಳೂರೇ ಕಷ್ಟ ಎಂದರೆ ಆಶ್ಚರ್ಯವಾದೀತು, ಆದರೂ ನಿಜ. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಹಾಲಿಗೂ ಸಲ್ಲುತ್ತದೆ. ವೀಗನ್ ಗುರುತು ಬೇರೆ ಇದೆ, ಹಸಿರು ಇಂಗ್ಲಿಷ್ 'ವಿ' ಅಕ್ಷರದ ತುದಿಗೊಂದು ಎಲೆ. ದರ್ಶಿನಿಗಳಲ್ಲಿ ದೋಸೆಗೆ, ಖಾರಾಬಾತಿಗೆ, ಬಿಸಿಬೇಳೆಬಾತಿಗೆ ಕೇಳದೆಯೇ ತುಪ್ಪ ಬೀಳುತ್ತದೆ. ಹಬ್ಬದ ಊಟದಲ್ಲಿ ತುಪ್ಪ ಬೇಡ ಎಂದರೆ ಬಡಿಸುವವರಿಗೆ ನೋವಾಗುತ್ತದೆ. ಆದರೂ ಹಾಲಿನ ಹನಿಯಿಲ್ಲದ ಊಟ ನಮ್ಮಲ್ಲಿ ಬೇಕಾದಷ್ಟಿದೆ. ಮಂಡ್ಯ, ಹಾಸನದ ಕಡೆಯ ಮುದ್ದೆ ಬಸ್ಸಾರು, ಉಪ್ಸಾರು. ಕರಾವಳಿಯ ನೀರ್‌ದೋಸೆ, ಪತ್ರೊಡೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಎಲ್ಲೇ ಹೋಗಿ ಲಿಂಗಾಯತ ಖಾನಾವಳಿ ಕಂಡರೆ ಒಳಗೆ ಹೋಗಿ ಕೂರಬಹುದು. ಜೋಳದ ಬಿಸಿರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೆಂತ್ಯಸೊಪ್ಪು. ಬಡಿಸಲು ಬಂದವರಿಗೆ 'ಅಕ್ಕಾರ, ಬೆಣ್ಣಿ, ಮೊಸರು ಹಾಕಬ್ಯಾಡ್ರಿ' ಎಂದು ಮೊದಲೇ ಹೇಳಿದರೆ ಸಾಕು, ಆ ಜಾಗಕ್ಕೆ ಇನ್ನೊಂದು ಸೌಟು ಪಲ್ಯ ಬರುತ್ತದೆ.